ಉಣ್ಣೆ ಕೋಟು ಮನೆಯಲ್ಲೇ: ಓದುಗರ ಪ್ರಶ್ನೆ, ಹೊಲಿಗೆಯವರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕೋಟಿನ ಬಗ್ಗೆಯೇ. ಮೈಸೂರು, ಮಂಡ್ಯದ ಚಳಿಗೆ ಸ್ವೆಟರು, ಶಾಲು ಸಾಕು. ಆದರೆ ಮಗಳ ಬಾಣಂತನಕ್ಕೆ ಟೊರಾಂಟೊಗೆ ಹೊರಟವರು, ಜನವರಿಯಲ್ಲಿ ಶಿಮ್ಲಾ ಪ್ರವಾಸ ಹಾಕಿಕೊಂಡವರು ಮೈಗೊಪ್ಪುವ ದಪ್ಪ ಕೋಟನ್ನು ತಾವೇ ಹೊಲಿಯಬೇಕೆಂದಿದ್ದಾರೆ. ಬ್ಲೌಸು, ಚೂಡಿದಾರ್ ಅಚ್ಚುಕಟ್ಟಾಗಿ ಹೊಲಿಯುವವರಿಗೂ ಕೋಟಿನಲ್ಲಿ ತೊಡಕಾಗುವುದು ಇಸ್ತ್ರಿ ಕೆಲಸದಲ್ಲೇ. ಉಣ್ಣೆ ಬಿಸಿಗೆ, ತೇವಕ್ಕೆ ಕುಗ್ಗುತ್ತದೆ, ಹಿಗ್ಗುತ್ತದೆ, ಆರುವಾಗ ಯಾವ ಆಕಾರದಲ್ಲಿತ್ತೋ ಆ ಆಕಾರವನ್ನೇ ಹಿಡಿಯುತ್ತದೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಮೆಷಿನ್ನಿಗಿಂತ ಇಸ್ತ್ರಿ ಪೆಟ್ಟಿಗೆಯ ಮಾತೇ ಜಾಸ್ತಿ.

ಎದೆ ಸುತ್ತಳತೆ 36 ಇಂಚು. ಮಂಡಿಯವರೆಗಿನ ಕೋಟಿಗೆ ಎಷ್ಟು ಬಟ್ಟೆ ಬೇಕು? ಅಂಗಡಿಯಲ್ಲಿ ಪ್ಯಾಂಟಿನ ಸೂಟಿಂಗ್ ತೋರಿಸುತ್ತಾರೆ. ಅದು ಆದೀತೆ?
— ಓದುಗರು, ಕುವೆಂಪುನಗರ, ಮೈಸೂರು

58 ಇಂಚು ಪನ್ನದ ಬಟ್ಟೆ 2.75 ಮೀಟರ್ ಸಾಕು. ಚೌಕಳಿ ಬಟ್ಟೆಯಾದರೆ ಗೆರೆ ಕೂಡಿಸಲು ಇನ್ನರ್ಧ ಮೀಟರ್ ಜಾಸ್ತಿ ತನ್ನಿ. ಮೇಲೆ ರೋಮ ಒಂದೇ ದಿಕ್ಕಿಗೆ ಮಲಗಿರುವ ಬಟ್ಟೆಗೂ ಅಷ್ಟೇ, ಏಕೆಂದರೆ ಎಲ್ಲ ತುಂಡುಗಳನ್ನೂ ರೋಮ ಕೆಳಮುಖವಾಗಿ ಬರುವಂತೆಯೇ ಕತ್ತರಿಸಬೇಕು. ಒಂದು ತುಂಡು ತಿರುಗಿ ಬಿದ್ದರೂ ಹೊಲಿದ ಮೇಲೆ ಅದು ಬೇರೆ ಥಾನಿನದ್ದೇನೋ ಅನ್ನಿಸುತ್ತದೆ. 44 ಇಂಚು ಪನ್ನದ ಲೈನಿಂಗ್ 2.75 ಮೀಟರ್, ಕ್ಯಾನ್ವಾಸ್ (ಆಕಾರ ನಿಲ್ಲಲು ಒಳಗೆ ಕೊಡುವ ಬಿರುಸು ಬಟ್ಟೆ) 1 ಮೀಟರ್, ಒಂದು ಜೊತೆ ಶೋಲ್ಡರ್ ಪ್ಯಾಡ್, ಕಾಲಿಂಚು ಅಗಲದ ಹತ್ತಿಯ ಟೇಪು 3 ಮೀಟರ್ ಬೇಕು.

ಪ್ಯಾಂಟಿನ ಸೂಟಿಂಗ್ ಸಾಮಾನ್ಯವಾಗಿ ಚದರ ಮೀಟರಿಗೆ 300 ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಕೋಟಿಗೆ 400ರಿಂದ 550 ಗ್ರಾಂ ಇರಲಿ. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ಕೇಳುವಾಗ ಸೂಟಿಂಗ್ ಎನ್ನದೆ ಟ್ವೀಡ್ ಅಥವಾ ಓವರ್‌ಕೋಟ್ ಬಟ್ಟೆ ಎಂದೇ ಕೇಳಿ. ಉಣ್ಣೆ ಹೌದೋ ಅಲ್ಲವೋ ತಿಳಿಯಲು ಅಂಚಿನಿಂದ ಒಂದೆರಡು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಕಾಲು ಭಾಗದಷ್ಟು ಮಿಶ್ರಣವಿದ್ದರೆ ಅಡ್ಡಿಯಿಲ್ಲ, ಅರ್ಧ ದಾಟಿದರೆ ಬೇಡ.

ಅಳತೆ ತೆಗೆಯುವಾಗ ಒಳಗೆ ಹಾಕುವ ಸ್ವೆಟರು ಮೈಮೇಲಿರಲಿ. ಹಾಗೆ ತೆಗೆದ ಎದೆ ಅಳತೆಗೆ 4 ಇಂಚು ಸಡಿಲ ಸೇರಿಸಿ, ಭುಜಕ್ಕೆ ಎರಡೂ ಕಡೆ ಕಾಲಿಂಚು ಬಿಡಿ. ಡ್ರಾಫ್ಟಿಂಗ್ ಆದಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಒಮ್ಮೆ ಕಚ್ಚಾ ಕೋಟು ಹೊಲಿದು, ಪ್ಯಾಡ್ ಇಟ್ಟು, ಕೈ ಎತ್ತಿ ಇಳಿಸಿ ನೋಡಿ. ಈ ಹೆಜ್ಜೆ ಬಿಟ್ಟು ದುಬಾರಿ ಬಟ್ಟೆಗೆ ಕತ್ತರಿ ಹಾಕಬೇಡಿ.

ಮನೆಯಲ್ಲಿ ಹೊಸ ಕರಿ ಕಂಬಳಿ ಇದೆ. ಅದರಲ್ಲಿ ಕೋಟು ಹೊಲಿಯಬಹುದೇ?
— ಓದುಗರು, ನಾಗಮಂಗಲ

ಖಂಡಿತ ಹೊಲಿಯಬಹುದು. ಗಾಳಿ ತಡೆಯುವುದರಲ್ಲಿ ಅಂಗಡಿಯ ಎಷ್ಟೋ ಬಟ್ಟೆಗಿಂತ ಅದೇ ವಾಸಿ. ಮೊದಲು ಗಂಜಿ ತೆಗೆಯಿರಿ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ಹೊಸ ಕಂಬಳಿ ಬಿರುಸಾಗಿರುತ್ತದೆ. ತಣ್ಣೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಬದಲಿಸುತ್ತಾ ಹೋಗಿ. ಉಜ್ಜಬಾರದು, ಹಿಂಡಬಾರದು, ಬಿಸಿನೀರಂತೂ ಬೇಡವೇ ಬೇಡ. ಬಿಸಿ ಮತ್ತು ಉಜ್ಜುವಿಕೆ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಜಮಖಾನದಂತೆ ಗಟ್ಟಿಯಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ನೆರಳಿನಲ್ಲಿ ನೆಲದ ಮೇಲೆ ಹರಡಿ ಒಣಗಿಸಿ. ನೆನೆಸುವ ಮೊದಲು ಬಿಳಿ ದಾರದಿಂದ 20 ಇಂಚಿನ ಒಂದು ಚೌಕ ಗುರುತು ಹಾಕಿಟ್ಟರೆ ಎಷ್ಟು ಕುಗ್ಗಿತೆಂದು ತಿಳಿಯುತ್ತದೆ.

ಕೈಮಗ್ಗದ ನೇಯ್ಗೆ ಬೇಗ ಎಳೆ ಬಿಡುತ್ತದೆ. ಕತ್ತರಿಸುವ ಗೆರೆಯ ಒಳಗಡೆ ಮೆಷಿನ್ ಹೊಲಿಗೆ ಹಾಕಿ, ಆಮೇಲೆ ಕತ್ತರಿಸಿ. ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆ, ಪೂರ್ತಿ 1 ಇಂಚು ಬಿಡಿ. ಲ್ಯಾಪೆಲ್ (ಕಾಲರಿನ ಕೆಳಗೆ ಎದೆಯ ಮೇಲೆ ಹೊರಕ್ಕೆ ಮಡಚುವ ಭಾಗ), ಒಳಜೇಬು ಬೇಡ. ನೆಹರೂ ಕಾಲರ್, ಮೇಲಿಂದ ಹಚ್ಚಿದ ಜೇಬು ಸಾಕು. ಬಿರುಸು ರೋಮ ಕುತ್ತಿಗೆಗೆ ಚುಚ್ಚುವುದರಿಂದ ಕಾಲರಿನ ಒಳಭಾಗಕ್ಕೆ ಮೆತ್ತನೆ ಬಟ್ಟೆಯನ್ನೇ ಹಾಕಿ, ಪೂರ್ತಿ ಲೈನಿಂಗ್ ಕೊಡಿ.

ಹಳೆಯ ಕಪ್ಪು ಕಾಲು ಮೆಷಿನ್ ದಪ್ಪ ಬಟ್ಟೆ ಹೊಲಿದೀತೆ?
— ಓದುಗರು, ಮಂಡ್ಯ

ಹೊಲಿಯುತ್ತದೆ, ಹೊಸ ಪ್ಲಾಸ್ಟಿಕ್ ಮೆಷಿನ್ನುಗಳಿಗಿಂತ ಚೆನ್ನಾಗಿಯೇ ಹೊಲಿಯುತ್ತದೆ. 16ನೇ ನಂಬರ್ ಸೂಜಿ, ಇಂಚಿಗೆ 8 ಹೊಲಿಗೆ. ತಲೆಯ ಮೇಲಿನ ಒತ್ತಡದ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ. ಅದು ಬಿಗಿಯಾಗಿದ್ದರೆ ಕೆಳಗಿನ ಬಟ್ಟೆಯನ್ನು ಹಲ್ಲು ಎಳೆದುಕೊಳ್ಳುತ್ತದೆ, ಮೇಲಿನದನ್ನು ಫುಟ್ ತಡೆಯುತ್ತದೆ, ಹೊಲಿಗೆ ಮುಗಿಯುವಷ್ಟರಲ್ಲಿ ಮೇಲಿನ ತುಂಡು ಅರ್ಧ ಇಂಚು ಮುಂದೆ ಬಂದಿರುತ್ತದೆ. ಉದ್ದದ ಹೊಲಿಗೆಗಳಿಗೆಲ್ಲ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಕಾಲರಿನ ಮೂಲೆಯಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಪೇಸ್ಟಿಂಗ್ ಹಾಕಿದ ಮುಂಭಾಗದಲ್ಲಿ ಗುಳ್ಳೆ ಎದ್ದಿದೆ. ಕಾರಣವೇನು?
— ಓದುಗರು, ಬೋಗಾದಿ, ಮೈಸೂರು

ಗುಳ್ಳೆಗೆ ಎರಡು ಕಾರಣ. ಪೇಸ್ಟಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಸರಿಯಾಗಿ ಅಂಟಿರುವುದಿಲ್ಲ, ಇಲ್ಲವೇ ಅಂಟಿದ ಮೇಲೆ ಉಣ್ಣೆ ಕುಗ್ಗಿರುತ್ತದೆ. ಎರಡನೆಯದೇ ಹೆಚ್ಚು. ಕೋಟಿನ ಬಟ್ಟೆಯನ್ನು ಕತ್ತರಿಸುವ ಮೊದಲೇ ಕುಗ್ಗಿಸಬೇಕು. ಹತ್ತಿ ಬೆಡ್‌ಶೀಟನ್ನು ನೆನೆಸಿ, ನೀರು ತೊಟ್ಟಿಕ್ಕದಂತೆ ಹಿಂಡಿ, ಬಟ್ಟೆಯ ಮೇಲೆ ಹಾಸಿ, ಎರಡನ್ನೂ ಒಟ್ಟಿಗೆ ಸಡಿಲವಾಗಿ ಸುರುಳಿ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಡಿಸಿ ಎಳೆಗಳು ನೇರವಾಗಿ ಕೂರುವಂತೆ ಹರಡಿ ಒಣಗಿಸಿ. ಹಗ್ಗದ ಮೇಲೆ ಹಾಕಿದರೆ ನೀರಿನ ಭಾರಕ್ಕೆ ಬಟ್ಟೆ ಜಗ್ಗುತ್ತದೆ. ಒಣಗಿದ ಮೇಲೆ ಉಲ್ಟಾ ಭಾಗದಲ್ಲಿ, ನಡುವೆ ತೆಳು ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿ.

ಅಂಟಿಸುವಾಗ ಇಸ್ತ್ರಿ ಪೆಟ್ಟಿಗೆಯನ್ನು ಎಳೆಯಬಾರದು. ಒಂದೇ ಕಡೆ 12ರಿಂದ 15 ಸೆಕೆಂಡ್ ಮೈಭಾರ ಹಾಕಿ ಒತ್ತಿ, ಎತ್ತಿ, ಪಕ್ಕದ ಜಾಗಕ್ಕೆ ಹೋಗಿ. ಪೂರ್ತಿ ತಣ್ಣಗಾಗುವವರೆಗೆ ತುಂಡನ್ನು ಅಲುಗಿಸಬೇಡಿ. ಬಿಸಿಯಿರುವಾಗ ಅಂಟು ಇನ್ನೂ ಮೆತ್ತಗಿರುತ್ತದೆ. ಮೊದಲು 4 ಇಂಚಿನ ಚೂರಿನಲ್ಲಿ ಪರೀಕ್ಷೆ ಮಾಡಿ, ಆರಿದ ಮೇಲೆ ಮೂಲೆಯಿಂದ ಕಿತ್ತು ನೋಡಿ. ಸುಲಭವಾಗಿ ಎದ್ದು ಬಂದರೆ ಶಾಖ ಸಾಲದು. ನಿಮ್ಮ ಕೋಟಿನ ಗುಳ್ಳೆಯನ್ನೂ ಒದ್ದೆ ಬಟ್ಟೆ ಇಟ್ಟು ಹೀಗೆಯೇ ಒಮ್ಮೆ ಒತ್ತಿ ನೋಡಿ. ಅಂಟದೇ ಉಳಿದ ಗುಳ್ಳೆ ಇದರಿಂದ ಕೂರುತ್ತದೆ. ಬಟ್ಟೆ ಕುಗ್ಗಿ ಎದ್ದ ಗುಳ್ಳೆ ಹೋಗುವುದಿಲ್ಲ, ಆ ತುಂಡನ್ನೇ ಬದಲಿಸಬೇಕು.

ಲ್ಯಾಪೆಲ್‌ನ ತುದಿ ಮೇಲಕ್ಕೆ ಸುರುಳಿಯಾಗುತ್ತದೆ, ಎದೆಯ ಹತ್ತಿರ ಬಾಯಿ ಬಿಡುತ್ತದೆ. ರೆಡಿಮೇಡ್ ಕೋಟಿನ ಹಾಗೆ ಕೂರಿಸುವುದು ಹೇಗೆ?
— ಓದುಗರು, ಸರಸ್ವತಿಪುರಂ, ಮೈಸೂರು

ಇದು ಕೋಟಿನ ಜೀವದಂಥ ಭಾಗ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಲ್ಯಾಪೆಲ್‌ಗೆ ಅಂಟಿಸುವ ಪೇಸ್ಟಿಂಗ್ ಬೇಡ, ಕೈಹೊಲಿಗೆಯ ಕ್ಯಾನ್ವಾಸ್ ಹಾಕಿ. ಮುಂಭಾಗದ ಆಕಾರಕ್ಕೇ, ಅದೇ ನೇರ ಎಳೆಗೆ ಕ್ಯಾನ್ವಾಸ್ ಕತ್ತರಿಸಿ, ಬಟ್ಟೆಯ ಉಲ್ಟಾ ಭಾಗದ ಮೇಲಿಟ್ಟು ಮೂರು ಸಾಲು ಕಚ್ಚಾ ಹೊಲಿಗೆ ಹಾಕಿ. ಲ್ಯಾಪೆಲ್ ಮಗುಚುವ ಗೆರೆಯನ್ನು ಕ್ಯಾನ್ವಾಸ್ ಮೇಲೆ ಎಳೆಯಿರಿ.

ಎದೆಯ ಹತ್ತಿರ ಬಾಯಿ ಬಿಡುವುದನ್ನು ತಡೆಯುವುದು ಟೇಪು. ಮಗುಚುವ ಗೆರೆಯ ಪಕ್ಕದಲ್ಲಿ, ಮೈ ಕಡೆಗೆ, ಕಾಲಿಂಚು ಬಿಟ್ಟು ಟೇಪ್ ಇಡಿ. ಟೇಪಿನ ಉದ್ದ ಗೆರೆಗಿಂತ ಕಾಲಿಂಚು ಕಡಿಮೆ ಇರಲಿ. ಎದೆ ತುಂಬಿಕೊಂಡಿರುವವರಿಗೆ ಇನ್ನೂ ಸ್ವಲ್ಪ ಕಡಿಮೆ. ಆ ಬಿಗಿ ಗೆರೆಯ ನಡುಭಾಗದಲ್ಲೇ ಬರಬೇಕು, ಎರಡು ತುದಿಯಲ್ಲಿ ಟೇಪ್ ಸಮವಾಗಿ ಕೂರಬೇಕು. ಎರಡೂ ಅಂಚನ್ನು ಕೈಯಲ್ಲಿ ಹೊಲಿಯಿರಿ.

ಈಗ ಲ್ಯಾಪೆಲ್ ತುಂಬುವ ಓರೆ ಹೊಲಿಗೆ. ಕ್ಯಾನ್ವಾಸ್ ಮೇಲ್ಗಡೆ ಇರುವಂತೆ ಲ್ಯಾಪೆಲನ್ನು ಎಡಗೈಯ ತೋರುಬೆರಳಿನ ಮೇಲೆ ಬಗ್ಗಿಸಿ ಹಿಡಿಯಿರಿ. ಹೊಲಿಗೆ ಮುಗಿಯುವವರೆಗೂ ಆ ಬಾಗು ಕೈಯಲ್ಲಿ ಹಾಗೇ ಇರಬೇಕು. ಮಗುಚುವ ಗೆರೆಯಿಂದ ಶುರುಮಾಡಿ ಸಾಲು ಸಾಲಾಗಿ ತುದಿಯ ಕಡೆಗೆ ಹೋಗಿ. ಗೆರೆಯ ಹತ್ತಿರ ಅರ್ಧ ಇಂಚಿಗೆ ಒಂದು ಹೊಲಿಗೆ ಇದ್ದರೆ, ತುದಿಗೆ ಬರುವಾಗ ಕಾಲಿಂಚಿಗೆ ಒಂದಾಗಲಿ. ಸೂಜಿ ಕ್ಯಾನ್ವಾಸ್ ದಾಟಿ ಬಟ್ಟೆಯ ಒಂದೋ ಎರಡೋ ಎಳೆಯನ್ನಷ್ಟೇ ಹಿಡಿಯಬೇಕು, ದಾರ ಎಳೆದು ಬಿಗಿ ಮಾಡಬಾರದು. ಬಗ್ಗಿಸಿ ಹಿಡಿದಾಗ ಹೊರಸುತ್ತಿನ ಕ್ಯಾನ್ವಾಸ್ ಒಳಸುತ್ತಿನ ಬಟ್ಟೆಯ ಮೇಲೆ ಕೊಂಚ ಜಾರಿಕೊಳ್ಳುತ್ತದೆ. ಹೊಲಿಗೆ ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುವುದರಿಂದ ಮೇಜಿನ ಮೇಲೆ ಇಟ್ಟರೂ ಲ್ಯಾಪೆಲ್ ತಾನಾಗಿ ಬಾಗಿಯೇ ಇರುತ್ತದೆ. ಮುಗಿದ ಮೇಲೆ ಮಾರ್ಜಿನ್‌ನಲ್ಲಿರುವ ಕ್ಯಾನ್ವಾಸ್ ಪೂರ್ತಿ ಕತ್ತರಿಸಿಬಿಡಿ.

ತುದಿ ಮೇಲೇಳುವುದಕ್ಕೆ ಕಾರಣ ಮೇಲ್ಪದರ ಸಾಲದಿರುವುದು. ಲ್ಯಾಪೆಲ್ ಮಗುಚಿದಾಗ ಹೊರಗೆ ಕಾಣುವ ಪದರ, ಅಂದರೆ ಫೇಸಿಂಗ್, ಹೆಚ್ಚು ದೂರ ಸುತ್ತಿಬರಬೇಕು. ಅದನ್ನೂ ಕೆಳಪದರವನ್ನೂ ಒಂದೇ ಅಳತೆಗೆ ಕತ್ತರಿಸಿದರೆ ಫೇಸಿಂಗ್ ತುದಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ಗುಂಡಿಯಿಂದ ಮೇಲೆ ಫೇಸಿಂಗ್ ಸುತ್ತಲೂ 1/8 ಇಂಚು ದೊಡ್ಡದಿರಲಿ, ತೀರಾ ದಪ್ಪ ಬಟ್ಟೆಗೆ ಕಾಲಿಂಚು. ಕಚ್ಚಾ ಹೊಲಿಗೆ ಹಾಕುವಾಗ ಅಂಚು ಅಂಚಿಗೆ ಕೂಡಿಸಿ, ಹೆಚ್ಚಾದ ಬಟ್ಟೆಯನ್ನು ಮೂಲೆಯ ಹತ್ತಿರ ಸಡಿಲವಾಗಿ ಸೇರಿಸಿ. ಮೂಲೆಯಲ್ಲಿ ಸೂಜಿ ಊರಿ ಥಟ್ಟನೆ ತಿರುಗಿಸದೆ ಅಡ್ಡಕ್ಕೆ ಒಂದು ಹೊಲಿಗೆ ಹಾಕಿ ತಿರುಗಿಸಿದರೆ ಮೊನೆ ಚೂಪಾಗಿ ಹೊರಬರುತ್ತದೆ. ಮಾರ್ಜಿನ್ ಎರಡನ್ನೂ ಸಮ ಕತ್ತರಿಸಬೇಡಿ: ಹೊರಗೆ ಕಾಣುವ ಪದರದ್ದು ಕಾಲಿಂಚು, ಇನ್ನೊಂದು 1/8 ಇಂಚು.

ಮಗುಚಿದ ಮೇಲೆ ಒದ್ದೆ ಬಟ್ಟೆ ಇಟ್ಟು ಅಂಚಿಗೆ ಹಬೆ ಕೊಟ್ಟು, ಇಸ್ತ್ರಿ ಎತ್ತಿದ ತಕ್ಷಣ ಪಾಲಿಶ್ ಇಲ್ಲದ ನುಣುಪು ಮರದ ತುಂಡಿನಿಂದ ಒತ್ತಿ ಹಿಡಿಯಿರಿ. ಮರ ಹಬೆಯನ್ನು ಹೀರಿಕೊಳ್ಳುತ್ತದೆ, ಅಂಚು ತೆಳುವಾಗಿ ಕೂರುತ್ತದೆ. ಆದರೆ ಮಗುಚುವ ಗೆರೆಯ ಮೇಲೆ ಪ್ಯಾಂಟಿನ ಗೀಟಿನಂತೆ ಇಸ್ತ್ರಿ ಎಳೆಯಬೇಡಿ. ಕೆಳಗಿನ ಮೂರರಲ್ಲೊಂದು ಭಾಗವನ್ನು ಒತ್ತದೇ ಬಿಟ್ಟರೇ ಲ್ಯಾಪೆಲ್ ದುಂಡಗೆ ಹೊರಳುತ್ತದೆ.

ಈಗಾಗಲೇ ಹೊಲಿದ ಕೋಟಿಗೂ ದಾರಿಯಿದೆ: ಲ್ಯಾಪೆಲ್‌ನ ಅಂಚು ಬಿಚ್ಚಿ, ಕೆಳಪದರದಿಂದ ಮಾತ್ರ 1/8 ಇಂಚು ಕತ್ತರಿಸಿ, ಅಂಚು ಕೂಡಿಸಿ ಮತ್ತೆ ಹೊಲಿಯಿರಿ. ಕಾಲರಿಗೂ ಇದೇ ನಿಯಮ. ಅದರ ಕೆಳಪದರ ಮತ್ತು ಕ್ಯಾನ್ವಾಸ್ ಮಾತ್ರ ಕ್ರಾಸ್ ಕಟ್ (ಎಳೆಗೆ ಓರೆಯಾಗಿ ಕತ್ತರಿಸಿದ್ದು) ಆಗಿರಬೇಕು.

ತೋಳಿನ ತಲೆಯಲ್ಲಿ ಸುಕ್ಕು ನಿಲ್ಲುತ್ತದೆ.
— ಓದುಗರು, ಶ್ರೀರಂಗಪಟ್ಟಣ

ಅಳತೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿಕೊಂಡು ತೋಳಿನ ತಲೆಯ ಹೊಲಿಗೆ ಗೆರೆಯನ್ನೂ ಆರ್ಮ್‌ಹೋಲನ್ನೂ ಅಳೆಯಿರಿ. ತೋಳು 1.25ರಿಂದ 1.5 ಇಂಚು ಹೆಚ್ಚಿದ್ದರೆ ಸರಿ. ಮಾರ್ಜಿನ್‌ನಲ್ಲಿ ಕಾಲಿಂಚು ಅಂತರದಲ್ಲಿ ಎರಡು ಸಾಲು ಉದ್ದ ಹೊಲಿಗೆ ಹಾಕಿ ದಾರ ಎಳೆಯಿರಿ. ಕಂಕುಳ ಭಾಗದಲ್ಲಿ ಸಡಿಲ ಬೇಡ, ಭುಜದ ಹೊಲಿಗೆಯ ಎರಡೂ ಪಕ್ಕ ಅರ್ಧ ಇಂಚು ಬೇಡ. ಉಳಿದ ಕಡೆ ಹಂಚಿ. ಆಮೇಲೆ ಟವೆಲ್ ಸುರುಳಿಯ ಮೇಲೆ ತೋಳಿನ ತಲೆ ಹೊದಿಸಿ, ಮಾರ್ಜಿನ್‌ಗೆ ಮಾತ್ರ ಹಬೆ ಕೊಡುತ್ತಾ ಕುಗ್ಗಿಸಿ. ಆರ್ಮ್‌ಹೋಲಿಗೆ ಜೋಡಿಸುವ ಮೊದಲೇ ನೆರಿಗೆ ಮಾಯವಾಗಿ ತಲೆ ಬಟ್ಟಲಿನಾಕಾರಕ್ಕೆ ಬಂದಿರಬೇಕು. ಪಾಲಿಯೆಸ್ಟರ್ ಜಾಸ್ತಿಯಿರುವ ಬಟ್ಟೆ ಹೀಗೆ ಕುಗ್ಗುವುದಿಲ್ಲ. ಅದಕ್ಕೆ ಪೇಪರ್ ಕಟಿಂಗಿನಲ್ಲೇ ತೋಳಿನ ತಲೆ ಕಾಲಿಂಚು ಇಳಿಸಿ ಮತ್ತೆ ಅಳೆಯಿರಿ, ಮುಕ್ಕಾಲು ಇಂಚು ಹೆಚ್ಚಿದ್ದರೆ ಸಾಕು.

ತೋಳು ಕೂತ ಮೇಲೆ ಕ್ರಾಸ್ ಕಟ್ ಮಾಡಿದ ಉಣ್ಣೆಯ ಪಟ್ಟಿಯೊಂದನ್ನು, 1.5 ಇಂಚು ಅಗಲ, 9 ಇಂಚು ಉದ್ದ, ತಲೆಯ ಮಾರ್ಜಿನ್‌ಗೆ ಒಳಗಿನಿಂದ ಹೊಲಿಯಿರಿ. ಅದಿಲ್ಲದಿದ್ದರೆ ಪ್ಯಾಡಿನ ಅಂಚು ಹೊರಗೆ ಏಣಾಗಿ ಕಾಣುತ್ತದೆ.

ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆಯನ್ನು ಲೈನಿಂಗ್ ಮಾಡಬಹುದೇ?
— ಓದುಗರು, ಮದ್ದೂರು

ಇನ್ನೂ ಉಡಲು ಬರುವ ಸೀರೆಯಾದರೆ ದಯವಿಟ್ಟು ಕತ್ತರಿಸಬೇಡಿ. ಅಂಚು ಹರಿದದ್ದು, ಕಲೆಯಾದದ್ದು ಆದರೆ ಸರಿ. ಬೆಳಕಿಗೆ ಹಿಡಿದು ನೋಡಿ: ವರ್ಷಗಟ್ಟಲೆ ಮಡಿಕೆ ಬಿದ್ದ ಕಡೆ ರೇಷ್ಮೆ ಸೀಳಿರುತ್ತದೆ, ಆ ಜಾಗ ಬಿಟ್ಟು ಕತ್ತರಿಸಿ. ಹೊಸೆದ ನೂಲಿನ ಕ್ರೇಪ್ ಆದ್ದರಿಂದ ನೀರು ಬಿದ್ದರೆ ಕುಗ್ಗುತ್ತದೆ. ಮೇಲೆ ನೀರು ಚಿಮುಕಿಸಿ ಇಸ್ತ್ರಿ ಮಾಡಬೇಡಿ. ಹಿಂದೆ ತೆಳು ಮಲ್‌ಮಲ್ ಕೊಟ್ಟು ಎರಡನ್ನೂ ಒಂದೇ ಪದರದಂತೆ ಹೊಲಿಯಿರಿ. ಇದು ಮೈ ಭಾಗಕ್ಕೆ ಮಾತ್ರ. ಸ್ವೆಟರಿನ ಮೇಲೆ ಕೈ ಸಲೀಸಾಗಿ ಜಾರಬೇಕಾದರೆ ತೋಳಿಗೆ ಸ್ಯಾಟಿನ್ ಲೈನಿಂಗೇ ಬೇಕು.

ಯಾವ ಲೈನಿಂಗ್ ಆದರೂ ಬೆನ್ನಿನ ನಡುವೆ 1 ಇಂಚಿನ ನೆರಿಗೆ ಬಿಡಿ, ಕಂಕುಳಲ್ಲಿ ಕೋಟಿಗಿಂತ ಅರ್ಧ ಇಂಚು ಎತ್ತರಿಸಿ ಕತ್ತರಿಸಿ. ಒಳಗೆ ಎದ್ದು ನಿಂತ ಮಾರ್ಜಿನ್ ಮೇಲೆ ಹಾದುಹೋಗಲು ಅಷ್ಟು ಬೇಕು. ಇಲ್ಲದಿದ್ದರೆ ಕೈ ಎತ್ತಿದಾಗ ಇಡೀ ಕೋಟು ಮೇಲೇಳುತ್ತದೆ. ಕೆಳ ಅಂಚು ಮಡಿಸುವ ಮೊದಲು ಒಂದು ದಿನ ಹ್ಯಾಂಗರಿನಲ್ಲಿ ತೂಗುಹಾಕಿ, ಇಳಿಯುವಷ್ಟು ಇಳಿಯಲಿ.

ಕಾಜಾ ಎಲ್ಲಿ ಹಾಕಿಸುವುದು?
— ಓದುಗರು, ಪಾಂಡವಪುರ

ಸೂಟು ಹೊಲಿಯುವ ಅಂಗಡಿಯಲ್ಲಿ ಕೀಹೋಲ್ ಕಾಜಾ ಹಾಕುವವರನ್ನು ವಿಚಾರಿಸಿ, ಶರಟಿನ ಕಾಜಾ ಮೆಷಿನ್‌ಗೆ ಈ ದಪ್ಪ ಆಗದು. ಉದ್ದ ಎಂದರೆ ಗುಂಡಿಯ ಅಗಲದ ಜೊತೆಗೆ ಅದರ ದಪ್ಪ: 1 ಇಂಚಿನ ಗುಂಡಿಗೆ 1 1/8 ಇಂಚು. ಅದೇ ಬಟ್ಟೆ, ಕ್ಯಾನ್ವಾಸ್, ಫೇಸಿಂಗ್ ಮೂರೂ ಸೇರಿದ ಚೂರೊಂದನ್ನು ಜೊತೆಗೆ ಒಯ್ದು ಮೊದಲು ಅದರ ಮೇಲೆ ಹಾಕಿಸಿ. ಹೆಂಗಸರ ಕೋಟಿನಲ್ಲಿ ಬಲಭಾಗ ಮೇಲೆ ಬರುವುದರಿಂದ ಕಾಜಾ ಬಲಕ್ಕೆ. ಗುಂಡಿ ಹೊಲಿಯುವಾಗ ಮೇಲೊಂದು ಬೆಂಕಿಕಡ್ಡಿ ಇಟ್ಟು ಹೊಲಿದು, ಕಡ್ಡಿ ತೆಗೆದು, ಸಡಿಲವಾದ ದಾರಕ್ಕೆ ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿ. ಒಳಗಡೆ ಒಂದು ಚಿಕ್ಕ ಗುಂಡಿ ಸೇರಿಸಿ ಹೊಲಿದರೆ ಭಾರಕ್ಕೆ ಬಟ್ಟೆ ಹರಿಯುವುದಿಲ್ಲ.