ಓದುಗರ ಪ್ರಶ್ನೆ: ಗದರಿಸಿದರೆ ಓಡುತ್ತಾರೆ, ಓಡಿದರೆ ಅಪಾಯ

ಪ್ರಶ್ನೆ: ನಮ್ಮ ಪಂಕ್ಚರ್ ಅಂಗಡಿಗೆ ಹತ್ತು–ಹನ್ನೆರಡರ ಹುಡುಗರು ಸೊಲ್ಯೂಷನ್ ಟ್ಯೂಬ್ ಕೇಳಿಕೊಂಡು ಬರುತ್ತಾರೆ. ಬಟ್ಟೆಗೆ ಹಚ್ಚಿ ಮೂಗಿಗೆ ಹಿಡಿಯುತ್ತಾರಂತೆ. ಗದರಿಸಿ ಓಡಿಸುತ್ತಿದ್ದೇನೆ. ಸರಿಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಕೊಡದಿರುವುದು ಸರಿ. ಓಡಿಸುವುದು ಮಾತ್ರ ಬೇಡ. ಇಂಥ ಅಂಟುಗಳಲ್ಲಿ ಟೊಲುಯೀನ್‌ನಂಥ ದ್ರಾವಕ ಇರುತ್ತದೆ. ಅದರ ಆವಿ ಎಳೆದುಕೊಂಡವರ ಹೃದಯ, ಹೆದರಿದಾಗ ಮೈಯಲ್ಲಿ ಉಕ್ಕುವ ಅಡ್ರಿನಲಿನ್ ಎಂಬ ರಸಕ್ಕೆ ಅತಿಸೂಕ್ಷ್ಮವಾಗುತ್ತದೆ. ಆ ಹೊತ್ತಿನಲ್ಲಿ ಬೆದರಿ ಓಡಿದರೆ ಬಡಿತದ ಲಯ ತಪ್ಪಿ ಹುಡುಗ ಅಲ್ಲೇ ಕುಸಿಯಬಹುದು. ಮೊದಲ ಸಲ ಸೇದಿದವರಿಗೂ ಹೀಗಾದದ್ದುಂಟು.

ಗುರುತು ಕಷ್ಟವಲ್ಲ: ಮುಷ್ಟಿಯಲ್ಲಿ ಮಡಚಿದ ಚಿಂದಿ, ಅಂಗಿಯ ತೋಳಿನ ತುದಿಯಲ್ಲಿ ಒಣಗಿ ಗಟ್ಟಿಯಾದ ಅಂಟು, ಬಾಯಿಯ ಸುತ್ತ ಕೆಂಪು ಗುಳ್ಳೆ, ತೊದಲು ಮಾತು. ಬಟ್ಟೆ ಕಿತ್ತುಕೊಳ್ಳಲು ಎಳೆದಾಡಬೇಡಿ. ಗಾಳಿಯಾಡುವ ಕಡೆ ಕೂರಿಸಿ, ಹತ್ತಿರ ಬೀಡಿ ಹಚ್ಚಲು ಬಿಡಬೇಡಿ. ಆವಿಗೆ ಬೆಂಕಿ ಹತ್ತುತ್ತದೆ. ಮಂಪರು ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು ಹಾಕದೆ 108ಕ್ಕೆ ಕರೆ ಮಾಡಿ. ಎಚ್ಚರವಿದ್ದರೆ ಇಡ್ಲಿಯೋ ಬನ್ನೋ ಕೊಡಿ. ಅಂಟಿನ ಆವಿ ಹಸಿವನ್ನು, ಚಳಿಯನ್ನು ಮರೆಸುತ್ತದೆಂದೇ ಬಹಳ ಮಕ್ಕಳು ಸೇದುವುದು. ಹೊಟ್ಟೆಗೆ ಹಾಕದೆ ಬುದ್ಧಿ ಹೇಳಿದರೆ ಕಿವಿಗೆ ಇಳಿಯುವುದಿಲ್ಲ. ಟ್ಯೂಬು, ಥಿನ್ನರ್ ಗಲ್ಲಾದ ಒಳಗಿರಲಿ. ಖಾಲಿ ಟ್ಯೂಬನ್ನು ಹೊರಗೆಸೆಯಬೇಡಿ, ಅದರಲ್ಲಿ ಉಳಿದದ್ದೂ ಅವರಿಗೆ ಸಾಕಾಗುತ್ತದೆ.

ಪ್ರಶ್ನೆ: ರೈಲು ನಿಲ್ದಾಣದಲ್ಲಿ ಒಂಟಿ ಮಗು ಕಂಡರೆ ಮನೆಗೆ ಕರೆದೊಯ್ಯಬಹುದೇ?
— ಓದುಗರು, ಬೆಂಗಳೂರು

ಉತ್ತರ: ಬೇಡ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ (ಹತ್ತು, ಒಂಬತ್ತು, ಎಂಟು ಎಂದು ನೆನಪಿಟ್ಟುಕೊಳ್ಳಿ). ಶುಲ್ಕವಿಲ್ಲ, ಹಗಲು ರಾತ್ರಿ ಸಿಗುತ್ತದೆ. ಪ್ಲಾಟ್‌ಫಾರಂ ಸಂಖ್ಯೆ, ಅಂಗಿಯ ಬಣ್ಣ, ಎದುರಿಗಿರುವ ಅಂಗಡಿ ಹೇಳಿ, ಅವರು ಬರುವವರೆಗೆ ಅಲ್ಲೇ ಇರಿ. ಎಷ್ಟೋ ಕರೆಗಳು ವ್ಯರ್ಥವಾಗುವುದು ಇಲ್ಲೇ: ಕರೆ ಮಾಡಿದವರು ರೈಲು ಹತ್ತುತ್ತಾರೆ, ಮಗು ಮುಂದಿನ ಪ್ಲಾಟ್‌ಫಾರಂಗೆ ಹೋಗಿರುತ್ತದೆ.

“ಊರು ಯಾವುದು, ಅಪ್ಪ ಯಾರು” ಎಂದು ಮೊದಲೇ ಕೆದಕಿದರೆ ಸುಳ್ಳು ಹೆಸರು ಸಿಗುತ್ತದೆ. “ಊಟ ಆಯ್ತಾ” ಎಂದು ಶುರು ಮಾಡಿ. ಜೊತೆಗೆ ತಮ್ಮನೋ ತಂಗಿಯೋ ಇದ್ದಾರಾ ಎಂದು ಮಾತ್ರ ಮರೆಯದೆ ಕೇಳಿ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು, ಅದು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಹೊಡೆತ ತಾಳದೆ ಮನೆ ಬಿಟ್ಟದ್ದೆಂದು ಮಗು ನಿಮಗೆ ಹೇಳಿದ್ದರೆ ಅದನ್ನು ಬಂದವರಿಗೆ ತಿಳಿಸಿ; ಇಲ್ಲದಿದ್ದರೆ ಅದೇ ಮನೆಗೆ ಮರಳಿ, ವಾರದಲ್ಲಿ ಮತ್ತೆ ರೈಲು ಹತ್ತೀತು.

ಮಗುವಿನ ಫೋಟೊವನ್ನು ವಾಟ್ಸಾಪಿಗೆ ಹಾಕಬೇಡಿ. ಗುರುತು ಬಯಲು ಮಾಡುವುದು ಅದೇ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಸೇತುವೆ ಕೆಳಗಿನ ಹನ್ನೊಂದು ವರ್ಷದ ಹುಡುಗಿಗೆ ಜನನ ಪ್ರಮಾಣಪತ್ರವಿಲ್ಲ. ಶಾಲೆಗೆ ಸೇರಿಸಬಹುದೇ?
— ಓದುಗರು, ಮೈಸೂರು

ಉತ್ತರ: ಖಂಡಿತ. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಂದನೇ ತರಗತಿಯಲ್ಲಿ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ನಾಚಿಕೆಗೇ ಬಿಟ್ಟುಬಿಡುತ್ತಾಳೆ. ವಯಸ್ಸಿಗೆ ತಕ್ಕ ತರಗತಿ ಮತ್ತು ಉಳಿದವರ ಮಟ್ಟಕ್ಕೆ ಬರಲು ವಿಶೇಷ ತರಬೇತಿ, ಎರಡನ್ನೂ ಕೇಳಿ. ಒಪ್ಪದಿದ್ದರೆ ಕಾರಣವನ್ನು ಬರೆದುಕೊಡಲು ಹೇಳಿ, ಆ ಪತ್ರ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೋಗಿ. ಬರೆದುಕೊಡಿ ಎಂದ ಕೂಡಲೇ ಸೀಟು ಸಿಗುವುದೂ ಉಂಟು.