ವಾಕಿಂಗ್ ಮಾಡಿಸಿದರೆ ಮರೆವು ವಾಸಿಯಾಗುತ್ತಾ?

ಮಾವನಿಗೆ ಡಿಮೆನ್ಷಿಯಾ ಅಂದಿದ್ದಾರೆ, ದಿನಾ ನಡೆಸಿದರೆ ನೆನಪು ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಹೋದ ನೆನಪು ಬರಲ್ಲ ಮೇಡಂ. ಹಾಗಂತ ನಡೆಸೋದು ಬಿಡಬೇಡಿ.

ಅಮೆರಿಕದಲ್ಲಿ 120 ಜನ ವಯಸ್ಸಾದವರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಬಂತು. ಒಂದು ವರ್ಷ ವಾಕಿಂಗ್ ಮಾಡಿದವರಲ್ಲಿ ಹಿಪೊಕ್ಯಾಂಪಸ್, ಅಂದರೆ ಹೊಸ ನೆನಪು ಕೂಡಿಡೋ ಭಾಗ, ಸುಮಾರು 2% ಹಿಗ್ಗಿತ್ತು. ವಾಟ್ಸಾಪ್‌ನವರು ಹಂಚೋದು ಇಂಥದ್ದನ್ನೇ. ಆದರೆ ಆ 120 ಜನರಲ್ಲಿ ಯಾರಿಗೂ ಡಿಮೆನ್ಷಿಯಾ ಇರಲಿಲ್ಲ! ಕಾಯಿಲೆ ಬಂದವರ ಮೇಲೇ ಇಂಗ್ಲೆಂಡಿನಲ್ಲಿ ಮಾಡಿದ ವ್ಯಾಯಾಮದ ದೊಡ್ಡ ಪ್ರಯೋಗ 2018ರಲ್ಲಿ ಪ್ರಕಟವಾಯ್ತು. ಅಲ್ಲಿ ಮೈಗೆ ಕಸುವು ಬಂತು, ಮರೆವಿನ ಓಟ ಮಾತ್ರ ತಗ್ಗಲಿಲ್ಲ.

ನಮ್ಮಪ್ಪನ್ನ ನಾನು ತುಮಕೂರಿನ ಅಮಾನಿಕೆರೆ ಹತ್ರ ಕರ್ಕೊಂಡು ಹೋಗ್ತಿದ್ದೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡು ಬಾಗಿಲಲ್ಲಿ ರೆಡಿಯಾಗಿ ನಿಂತಿರೋರು. ನನ್ನ ಹೆಸರು ಮರೆತಿದ್ದರು, ಹೊರಡೋ ಹೊತ್ತು ಮರೀಲಿಲ್ಲ. ನಡೆದ ದಿನ ರಾತ್ರಿ ನಿದ್ದೆ ಮಾಡೋರು. ಇಲ್ಲದಿದ್ದರೆ ಎರಡು ಗಂಟೆಗೆ ಚಿಲಕ ತೆಗೆಯೋ ಸದ್ದು. ಮನೆಯವರಿಗೆ ಅಷ್ಟು ನಿದ್ದೆ ಸಿಕ್ಕರೂ ದೊಡ್ಡದೇ.

ಬೆಳಕಿರುವಾಗಲೇ ಹೋಗಿ, ದಿನಾ ಒಂದೇ ದಾರಿ. ಜೇಬಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಬಿಪಿ, ಶುಗರ್ ಹತೋಟಿಯಲ್ಲಿದೆಯಾ ನೋಡಿ, ಮಿದುಳಿನ ರಕ್ತನಾಳಕ್ಕೆ ಅದೂ ಮುಖ್ಯ. ನಡೆಯುವಾಗ ಓಲಾಡಿದರೆ ಮೊದಲು ಡಾಕ್ಟರಿಗೆ ತೋರಿಸಿ.

ಇನ್ನೊಂದು, ಜೊತೆಗೆ ನಿಮ್ಮ ಯಜಮಾನರನ್ನೂ ಕಳಿಸಿ. ಕಾಯಿಲೆ ಬರೋ ಮುಂಚೆ ನಡೆದವರಿಗೇ ಲಾಭ ಜಾಸ್ತಿ.