ಈಸ್ಟರ್ ದಿನ ಗೊತ್ತುಮಾಡುವ ಹುಣ್ಣಿಮೆ

ಹಾಸನದ ಓದುಗರೊಬ್ಬರು ಕೇಳಿದ್ದಾರೆ: “ಕ್ರಿಸ್‌ಮಸ್ ಪ್ರತಿ ವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಈಸ್ಟರ್ ಮಾತ್ರ 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಯಾಕೆ ಹೀಗೆ? ಅದು ಬ್ಯಾಬಿಲೋನಿನ ಇಶ್ತಾರ್ ದೇವತೆಯ ಹಬ್ಬ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವೇ?”

ಸಂಪಾದಕರ ಉತ್ತರ:

ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಇಶ್ತಾರ್‌ಗೂ ಈಸ್ಟರ್‌ಗೂ ಇರುವ ನಂಟು ಕಿವಿಗೆ ಕೇಳಿಸುವಷ್ಟೇ. ಆ ದೇವತೆಯ ಗುರುತು ಸಿಂಹ ಮತ್ತು ಎಂಟು ಮೊನೆಯ ನಕ್ಷತ್ರ. ಈಸ್ಟರಿನ ಮೊಟ್ಟೆಯೂ ಅಲ್ಲ, ಮೊಲವೂ ಅಲ್ಲ. ‘ಈಸ್ಟರ್’ ಎಂಬುದು ಇಂಗ್ಲಿಷರ ಹೆಸರು. ಏಪ್ರಿಲ್ ತಿಂಗಳಿಗೆ ತಮ್ಮ ಹಿಂದಿನವರು ಎಯೋಸ್ತ್ರೆ ಎಂಬ ದೇವತೆಯ ಹೆಸರಿಟ್ಟಿದ್ದರೆಂದು ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಕ್ರಿ.ಶ. 725ರಲ್ಲಿ ಬರೆದ. ಆ ಹೊತ್ತಿಗೆ ಹಬ್ಬಕ್ಕೆ ಐನೂರು ವರ್ಷ ದಾಟಿತ್ತು.

ಬೇರೆ ಭಾಷೆಗಳ ಹೆಸರು ಕೇಳಿದರೆ ಮೂಲ ತಾನೇ ಸಿಗುತ್ತದೆ. ಗ್ರೀಕರಿಗೆ ಪಾಸ್ಖಾ, ಇಟಲಿಯವರಿಗೆ ಪಾಸ್ಕ್ವಾ, ನಮ್ಮ ಕನ್ನಡ ಕಥೋಲಿಕರಿಗೆ ಪಾಸ್ಕ ಹಬ್ಬ, ಮಂಗಳೂರು ಕೊಂಕಣಿಯಲ್ಲಿ ಪಾಸ್ಕಾಂಚೆಂ ಫೆಸ್ತ್. ಎಲ್ಲವೂ ಹೀಬ್ರೂವಿನ ‘ಪೆಸಾಖ್’ನಿಂದ ಬಂದವು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ಮಾಡುವ ಹಬ್ಬ ಅದು. ಯೇಸುವನ್ನು ಶಿಲುಬೆಗೇರಿಸಿದ್ದು ಆ ಹಬ್ಬದ ಹೊತ್ತಿನಲ್ಲೇ. ಮೂರನೆಯ ದಿನ, ಭಾನುವಾರ ನಸುಕಿನಲ್ಲಿ, ಸಮಾಧಿ ಬರಿದಾಗಿತ್ತು ಎನ್ನುತ್ತವೆ ಸುವಾರ್ತೆಗಳು. ಆ ಪುನರುತ್ಥಾನದ ಹಬ್ಬವೇ ಈಸ್ಟರ್.

ಪೆಸಾಖ್ ಕುರಿಮರಿಯನ್ನು ಕಡಿಯುತ್ತಿದ್ದುದು ನಿಸಾನ್ ತಿಂಗಳ 14ರಂದು. ಆ ತಿಂಗಳು ಚಾಂದ್ರಮಾನದ್ದು, ಆದ್ದರಿಂದ 14 ಎಂದರೆ ಹುಣ್ಣಿಮೆಯ ಆಸುಪಾಸು. ನಿಮ್ಮ ಮೊದಲ ಪ್ರಶ್ನೆಯ ಗಂಟು ಇರುವುದು ಇಲ್ಲೇ. ಏಷ್ಯಾ ಮೈನರಿನ (ಈಗಿನ ಟರ್ಕಿಯ) ಕ್ರೈಸ್ತ ಸಭೆಗಳು ವಾರ ಯಾವುದೇ ಇರಲಿ, 14ರಂದೇ ಹಬ್ಬ ಮಾಡುತ್ತಿದ್ದವು. ರೋಮಿನವರದು ಭಾನುವಾರವೇ ಆಗಬೇಕೆಂಬ ಹಟ. ಸುಮಾರು 190ರಲ್ಲಿ ಪೋಪ್ ವಿಕ್ಟರ್ ಏಷ್ಯಾ ಮೈನರಿನವರನ್ನು ಸಭೆಯಿಂದ ಹೊರಹಾಕಲು ಹೊರಟಾಗ ಲಿಯೋನಿನ ಬಿಷಪ್ ಇರೆನೇಯಸ್ ನಡುವೆ ಬಂದು ಸಮಾಧಾನ ಹೇಳಬೇಕಾಯಿತು. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್ಪರ ಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ನಿಶ್ಚಯಿಸಿತು.

ಈಗಿನ ನಿಯಮ ಇದು: ಮಾರ್ಚ್ 21ರಂದು (ಚರ್ಚಿನ ಲೆಕ್ಕಕ್ಕೆ ಅದೇ ವಿಷುವ, ಹಗಲು ರಾತ್ರಿ ಸಮನಾಗುವ ದಿನ) ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ, ಅದರ ನಂತರದ ಭಾನುವಾರ ಈಸ್ಟರ್. ಹೀಗಾಗಿ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಲ್ಲಿ ಬೇಕಾದರೂ ಬೀಳಬಹುದು. ಲೆಕ್ಕ ಹೀಗೆ: ಇಸವಿಯನ್ನು 19ರಿಂದ ಭಾಗಿಸಿ, ಶೇಷಕ್ಕೆ 1 ಸೇರಿಸಿ. 2026ಕ್ಕೆ ಶೇಷ 12, ಒಂದು ಕೂಡಿಸಿದರೆ 13. ಚರ್ಚಿನ ಕೋಷ್ಟಕದಲ್ಲಿ 13ರ ಎದುರು ಇರುವ ಹುಣ್ಣಿಮೆ ಏಪ್ರಿಲ್ 2, ಗುರುವಾರ. ಹಬ್ಬ ಏಪ್ರಿಲ್ 5. ಹುಣ್ಣಿಮೆಯೇ ಭಾನುವಾರ ಬಿದ್ದರೆ ಮುಂದಿನ ಭಾನುವಾರಕ್ಕೆ ಹೋಗಬೇಕು. 2025ರಲ್ಲಿ ಆದದ್ದು ಅದೇ: ಹುಣ್ಣಿಮೆ ಏಪ್ರಿಲ್ 13, ಭಾನುವಾರ; ಹಬ್ಬ 20ಕ್ಕೆ. 19 ಏಕೆಂದರೆ ಅಷ್ಟು ಸೌರ ವರ್ಷಗಳಲ್ಲಿ ಸರಿಸುಮಾರು 235 ಚಾಂದ್ರಮಾಸ ಹಿಡಿಸುತ್ತವೆ. ಹನ್ನೆರಡರ ಲೆಕ್ಕಕ್ಕಿಂತ ಏಳು ಹೆಚ್ಚು. ಅಧಿಕಮಾಸ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಪಂಚಾಂಗ ನೋಡಿ ಈಸ್ಟರ್ ಹೇಳಲು ಹೋದರೆ ಒಮ್ಮೊಮ್ಮೆ ಕೈಕೊಡುತ್ತದೆ. 2019ರಲ್ಲಿ ಹುಣ್ಣಿಮೆ ನಮ್ಮ ಸಮಯಕ್ಕೆ ಮಾರ್ಚ್ 21ರ ಬೆಳಿಗ್ಗೆ ಏಳರ ಸುಮಾರಿಗೆ ಆಯಿತು, ಅದೂ ವಿಷುವದ ಬೆನ್ನಿಗೇ. ಮಾರ್ಚ್ 24ಕ್ಕೇ ಹಬ್ಬ ಬರಬೇಕಿತ್ತಲ್ಲ? ಬಂದದ್ದು ಏಪ್ರಿಲ್ 21ಕ್ಕೆ. ಚರ್ಚು ಆಕಾಶದ ಚಂದ್ರನನ್ನು ನೋಡುವುದಿಲ್ಲ, ಕೋಷ್ಟಕದ ಚಂದ್ರನನ್ನು ನೋಡುತ್ತದೆ. ಕೋಷ್ಟಕದಲ್ಲಿ ಆ ಹುಣ್ಣಿಮೆ 20ಕ್ಕೆ ಇತ್ತು. ಒಂದೇ ದಿನಕ್ಕೆ ತಪ್ಪಿ, ಏಪ್ರಿಲ್ 18ರ ಹುಣ್ಣಿಮೆಗೆ ಕಾಯಬೇಕಾಯಿತು.

ಗ್ರೀಸ್, ರಷ್ಯಾದ ಆರ್ಥಡಾಕ್ಸ್ ಸಭೆಗಳು 1582ರ ಗ್ರೆಗೋರಿಯನ್ ಕ್ಯಾಲೆಂಡರ್ ತಿದ್ದುಪಡಿಯನ್ನು ಈ ಹಬ್ಬಕ್ಕೆ ಒಪ್ಪಿಲ್ಲ. ಅವರ ಮಾರ್ಚ್ 21 ನಮಗೆ ಏಪ್ರಿಲ್ 3. ಜೊತೆಗೆ ಅವರ ಕೋಷ್ಟಕದ ಹುಣ್ಣಿಮೆಯೂ ಆಕಾಶಕ್ಕಿಂತ ನಾಲ್ಕೈದು ದಿನ ಹಿಂದುಳಿದಿದೆ. 2026ರಲ್ಲಿ ಅವರಿಗೆ ಹಬ್ಬ ಏಪ್ರಿಲ್ 12. 2027ರಲ್ಲಿ ಅಂತರ ಇನ್ನೂ ದೊಡ್ಡದು: ಇತ್ತ ಮಾರ್ಚ್ 28, ಅತ್ತ ಮೇ 2.

ಈಸ್ಟರ್ ಕದಲಿದರೆ ಅದಕ್ಕೆ ಕಟ್ಟಿದ್ದೆಲ್ಲ ಕದಲುತ್ತದೆ. ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರ ಅದಕ್ಕೆ 46 ದಿನ ಮುಂಚೆ. ಉಪವಾಸಕ್ಕೆ ಲೆಕ್ಕವಿಲ್ಲದ ಆರು ಭಾನುವಾರ ಕಳೆದರೆ ನಲವತ್ತು ಉಳಿಯುತ್ತದೆ. ಆ ದಿನಗಳಲ್ಲಿ ಹಿಂದೆ ಯೂರೋಪಿನಲ್ಲಿ ಮೊಟ್ಟೆ ತಿನ್ನುವಂತಿರಲಿಲ್ಲ. ಕೋಳಿ ಉಪವಾಸ ಮಾಡುತ್ತದೆಯೇ? ಕೂಡಿಟ್ಟ ಮೊಟ್ಟೆ ಹಬ್ಬಕ್ಕೆ ಬಣ್ಣ ಕಂಡವು.

ಹಬ್ಬದ ಹಿಂದಿನ ರಾತ್ರಿ ಕಥೋಲಿಕ ಚರ್ಚಿಗೆ ಹೋದರೆ ಪಾಸ್ಕ ಮೇಣದಬತ್ತಿಯನ್ನು ಹತ್ತಿರದಿಂದ ನೋಡಿ. ಹೊರಗೆ ಹೊತ್ತಿಸಿದ ಹೊಸ ಬೆಂಕಿಯ ಬಳಿ ಗುರುಗಳು ಅದರ ಮೇಲೆ ಶಿಲುಬೆ ಗೀರುತ್ತಾರೆ. ಮೇಲೆ ಗ್ರೀಕ್ ಅಕ್ಷರ ಆಲ್ಫಾ, ಕೆಳಗೆ ಒಮೇಗಾ, ನಾಲ್ಕು ಮೂಲೆಗೆ ಇಸವಿಯ ನಾಲ್ಕು ಅಂಕಿ. ಯೇಸುವಿನ ಐದು ಗಾಯಗಳ ಗುರುತಿಗೆ ಧೂಪದ ಐದು ಕಾಳು ಚುಚ್ಚುತ್ತಾರೆ. ಇಸವಿ ಇರುವುದರಿಂದ ಪ್ರತಿ ವರ್ಷ ಹೊಸ ಬತ್ತಿಯೇ ಬೇಕು. ಈಸ್ಟರಿನಿಂದ ಐವತ್ತನೆಯ ದಿನ ಬರುವ ಪೆಂತೆಕೋಸ್ತ್ ಹಬ್ಬದವರೆಗೆ ಅದು ಪೀಠದ ಬಳಿ ಉರಿಯುತ್ತದೆ. ಆಮೇಲೆ ಸ್ನಾನದೀಕ್ಷೆ ಕೊಡುವಾಗ, ಶವಪೆಟ್ಟಿಗೆ ಚರ್ಚಿಗೆ ಬಂದಾಗ ಅದನ್ನೇ ಹಚ್ಚುತ್ತಾರೆ.